ಹೊಲಿಗೆಯ ಬಳಿ ಉಬ್ಬು ಕಂಡರೆ



ಯಶಸ್ವಿ ಯಕೃತ್ತಿನ ಕಸಿ ಭಾರತದಲ್ಲಿ ಆರಂಭವಾದದ್ದು 1998ರಲ್ಲಿ, ದೆಹಲಿಯಲ್ಲಿ. ಈಗ ನಮ್ಮ ಮೈಸೂರಿನ ಅಪೋಲೊ ಬಿಜಿಎಸ್ ಆಸ್ಪತ್ರೆಯಲ್ಲೂ ನಡೆಯುತ್ತಿದೆ. ಕಸಿ ಮಾಡಿಸಿಕೊಂಡ ನಮ್ಮ ಮೊಹಲ್ಲಾದ ತಾಯಿಯೊಬ್ಬರು, ವರ್ಷದ ಬಳಿಕ ಹೊಟ್ಟೆಯ ಹೊಲಿಗೆಯ ಮೇಲೆ ಉಬ್ಬು ಕಂಡರೂ ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟರು. ಸುಜೂದ್‌ಗೆ ಬಾಗಲಾಗದಷ್ಟು ನೋವಾದಾಗಲೇ ಮಗಳಿಗೆ ಹೇಳಿದ್ದು.

ಇದು ಹರ್ನಿಯಾ. ಕಸಿಗಾಗಿ ಪಕ್ಕೆಲುಬಿನ ಕೆಳಗೆ ಹೊಟ್ಟೆಯನ್ನು ಅಗಲವಾಗಿ ಕೊಯ್ದಿರುತ್ತಾರೆ. ಹೊಸ ಯಕೃತ್ತನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಕೆಲವು ಮದ್ದುಗಳಿಂದ ಗಾಯ ಕೂಡುವುದು ನಿಧಾನವಾಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆಯೂ ಸೇರಿದರೆ, ಮೇಲಿನ ಚರ್ಮ ವಾಸಿಯಾಗಿದ್ದರೂ ಒಳಪದರ ಬಿಟ್ಟುಕೊಂಡು ಕರುಳು ಹೊರಚಾಚಬಹುದು.

ಹೊಟ್ಟೆಗೆ ಪಟ್ಟಿ ಕಟ್ಟಿದ ಮಾತ್ರಕ್ಕೆ ಇದು ಗುಣವಾಗದು. ಶಸ್ತ್ರಚಿಕಿತ್ಸೆಯಲ್ಲಿ ಕರುಳನ್ನು ಒಳಸರಿಸಿ, ಸಾಮಾನ್ಯವಾಗಿ ಜಾಲರಿಯಿಟ್ಟು ಹೊಲಿಯುತ್ತಾರೆ. ಕಸಿ ಮಾಡಿದ ವೈದ್ಯರನ್ನು ಕೇಳದೆ ಮಾಡಿಸಬೇಡಿ. ಅಗತ್ಯವಿದ್ದರೆ ಅವರೇ ಮೊದಲು ಮದ್ದು ಬದಲಿಸುತ್ತಾರೆ. ನೀವಾಗಿಯೇ ಮಾತ್ರೆ ನಿಲ್ಲಿಸಿದರೆ ಯಕೃತ್ತಿಗೇ ಅಪಾಯ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ತೀವ್ರ ನೋವು, ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಾಗಲಾಗದ ರೋಗಿಗೆ ಕುಳಿತು, ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿಯಿದೆ. ನೀರಿನ ಕೊಡ ಎತ್ತುವ ಕೆಲಸವನ್ನು ಮನೆಯವರು ವಹಿಸಿಕೊಳ್ಳಲಿ.

ಹಯಾ ನಮ್ಮ ಆಭರಣ, ನಿಜ. ಆದರೆ ರೋಗವನ್ನು ವೈದ್ಯರಿಂದ ಮುಚ್ಚಿಡುವುದು ಹಯಾ ಅಲ್ಲ. ಈ ಶರೀರ ಅಲ್ಲಾಹನ ಅಮಾನತ್ತು. ದಾನಿ ಕೊಟ್ಟ ಯಕೃತ್ತೂ ನಮ್ಮ ಬಳಿಯಿರುವ ಅಮಾನತ್ತೇ ಅಲ್ಲವೇ?