‘ಮೋಸ ಹೋದರು’ ಎಂಬ ಕ್ರಿಯಾಪದ

ವಯಸ್ಸಾದವರ ಉಳಿತಾಯವನ್ನು ಯಾರೋ ಸ್ನೇಹ ಬೆಳೆಸಿ ದೋಚಿದರೆ ನಾವು ‘ಪಾಪ, ಮೋಸ ಹೋದರು’ ಎನ್ನುತ್ತೇವೆ. ಆ ವಾಕ್ಯದ ಕರ್ತೃ ಹಣ ಕಳೆದುಕೊಂಡವರೇ. ಮೋಸ ಮಾಡಿದವನಿಗೆ ಅದರಲ್ಲಿ ಜಾಗವೇ ಇಲ್ಲ. ಥಾಣೆ, ಡೊಂಬಿವಲಿಯ ನಮ್ಮ ನೆರೆಹೊರೆಯ ಮರಾಠಿಯಲ್ಲಿ ‘ಫಸವಣೂಕ್ ಝಾಲಿ’ ಎನ್ನುತ್ತಾರೆ. ಮಳೆ ಬಂದ ಹಾಗೆ ಮೋಸವೂ ತಾನಾಗಿ ಆಯಿತು! ಎರಡೂ ಭಾಷೆಯಲ್ಲಿ ಕಳ್ಳ ಪಾರು.

ಇದು ವ್ಯಾಕರಣದ ಹರಟೆಯಲ್ಲ. 2025ರ ಆಗಸ್ಟ್‌ನಲ್ಲಿ ಸುದ್ದಿಯಾದ ಮುಂಬೈ ಪ್ರಕರಣ ನೋಡಿ. 80 ವರ್ಷದ ಹಿರಿಯರಿಗೆ 2023ರಲ್ಲಿ ಫೇಸ್‌ಬುಕ್‌ನಲ್ಲಿ ಒಬ್ಬ ಮಹಿಳೆಯ ಪರಿಚಯವಾಯಿತು. ಮಾತು ವಾಟ್ಸಾಪಿಗೆ ಬಂತು, ಮಕ್ಕಳಿಗೆ ಹುಷಾರಿಲ್ಲ ಎಂಬ ನೆಪದಲ್ಲಿ ಹಣ ಹೋಯಿತು. ಆಮೇಲೆ ಇನ್ನೊಂದು ಹೆಸರು, ಮತ್ತೊಂದು ಹೆಸರು, ಹೀಗೆ ಒಟ್ಟು ನಾಲ್ಕು. 21 ತಿಂಗಳಲ್ಲಿ 734 ಸಲ ಹಣ ಕಳಿಸಿದರು, ಸುಮಾರು 9 ಕೋಟಿ ರೂಪಾಯಿ. ಉಳಿತಾಯ ಬರಿದಾಗಿ ಸೊಸೆಯಿಂದ ಸಾಲ ಪಡೆದು, ಮಗನ ಬಳಿಯೂ ಕೇಳಿದಾಗಲೇ ವಿಷಯ ಹೊರಬಿದ್ದದ್ದು.

ಇಂಥ ಸುದ್ದಿ ಬಂದಾಗಲೆಲ್ಲ ‘ಈ ವಯಸ್ಸಲ್ಲಿ ಇವರಿಗೆ ಬೇಕಿತ್ತಾ?’ ಎಂಬ ನಗೆ ಕೇಳುತ್ತದೆ. ಬೇಕಿತ್ತು ಸ್ವಾಮಿ. ಬೆಳಿಗ್ಗೆ ಲೋಕಲ್ ಹಿಡಿದ ಮಗ–ಸೊಸೆ ರಾತ್ರಿ ಮರಳುವ ಕಲ್ಯಾಣದ ಫ್ಲ್ಯಾಟಿನಲ್ಲಿ, ಮಕ್ಕಳು ವಿದೇಶದಲ್ಲಿರುವ ನವಿ ಮುಂಬೈಯ ಮನೆಯಲ್ಲಿ, ‘ಊಟ ಆಯ್ತಾ? ಮಾತ್ರೆ ತಗೊಂಡ್ರಾ?’ ಎಂದು ಕೇಳುವವರು ಬೇಕು. ಕಳ್ಳನ ಬಂಡವಾಳ ಆ ಒಂದು ಪ್ರಶ್ನೆ, ಅದನ್ನು ದಿನವೂ ಕೇಳುವ ವ್ಯವಧಾನ.

ನಮ್ಮ ಪರಿಹಾರವೇನು? ಅಪ್ಪನ ಫೋನ್ ಕಸಿಯುವುದು, ಅಮ್ಮನ ಪಾಸ್‌ಬುಕ್ ಎತ್ತಿಡುವುದು. ಒಂಟಿಯನ್ನು ಇನ್ನಷ್ಟು ಒಂಟಿ ಮಾಡುವ ಶಿಕ್ಷೆ ಇದು. ಈ ಶಿಕ್ಷೆಗೆ ಹೆದರಿಯೇ ಎಷ್ಟೋ ಹಿರಿಯರು ಬಾಯಿ ಬಿಡುವುದಿಲ್ಲ. ಆ ಮೌನ ಇರುವಷ್ಟು ದಿನವೂ ಕಳ್ಳನಿಗೆ ಹಬ್ಬ.

ಬ್ಯಾಂಕುಗಳ ಕಡೆಗೂ ಬರೋಣ. ಒಂದೆರಡಲ್ಲ, 734 ವರ್ಗಾವಣೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕನಿಗೆ ರಕ್ಷಣೆ ಕೊಟ್ಟದ್ದು ಅವನ ಅನುಮತಿಯಿಲ್ಲದೆ ನಡೆದ ವ್ಯವಹಾರಕ್ಕೆ. ನಂಬಿಸಿ ಅವರ ಕೈಯಿಂದಲೇ ಕಳಿಸಿಕೊಂಡ ಹಣ ಅದರ ವ್ಯಾಪ್ತಿಗೆ ಬರಲಿಲ್ಲ. ಬ್ರಿಟನ್ 2024ರ ಅಕ್ಟೋಬರ್ 7ರಿಂದ ಇಂಥ ವಂಚನೆಗೂ 85,000 ಪೌಂಡ್‌ವರೆಗೆ ಪರಿಹಾರ ಕಡ್ಡಾಯ ಮಾಡಿತು. ಕಳಿಸಿದ ಬ್ಯಾಂಕ್ ಅರ್ಧ, ಪಡೆದ ಬ್ಯಾಂಕ್ ಅರ್ಧ ಭರಿಸಬೇಕು. ಜೇಬಿನಿಂದ ಹೋಗುವಂತಾದರೆ ಬ್ಯಾಂಕಿಗೂ ಕಣ್ಣು ಕಾಣುತ್ತದೆ.

‘ಅವರ ದುಡ್ಡು, ಅವರ ಇಷ್ಟ, ಬ್ಯಾಂಕ್ ಯಾಕೆ ಮೂಗು ತೂರಿಸಬೇಕು?’ ಎನ್ನಬಹುದು. ತಡೆಯಬೇಡಿ, ತಡ ಮಾಡಿ. ಹೊಸ ಖಾತೆಗೆ ದೊಡ್ಡ ಮೊತ್ತ ಹೋಗುವಾಗ ಒಂದು ದಿನ ನಿಲ್ಲಿಸಿ, ಖಾತೆದಾರರೇ ಮೊದಲು ಸೂಚಿಸಿದ ಒಬ್ಬರಿಗೆ ಫೋನ್ ಮಾಡಿ. ಆಯ್ಕೆ ಹಿರಿಯರದ್ದೇ ಇರಲಿ.

ಪೊಲೀಸರಿಗೂ ಹೊಣೆಯಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಪ್ರತಿ ಠಾಣೆಯೂ ಒಂಟಿ ಹಿರಿಯರ ಪಟ್ಟಿ ಇಟ್ಟು, ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ನಿಮ್ಮ ಠಾಣೆಯಲ್ಲಿ ಆ ಪಟ್ಟಿ ಇದೆಯೇ ಎಂದು ಕೇಳಿ ನೋಡಿ. ನಮ್ಮ ಸಂಘಗಳೂ ಅಷ್ಟೇ. ಪರವೂರಿನಲ್ಲಿ ಶಾಲೆ ಕಟ್ಟಿ ನಡೆಸಿದ ಡೊಂಬಿವಲಿಯಂಥ ಊರಿನ ಕನ್ನಡಿಗರಿಗೆ ವಾರಕ್ಕೊಮ್ಮೆ ಹಿರಿಯ ಸದಸ್ಯರಿಗೆ ಫೋನ್ ಮಾಡುವ ಸರದಿ ಹಚ್ಚುವುದು ದೊಡ್ಡ ಕೆಲಸವಲ್ಲ. ಸನ್ಮಾನದ ಶಾಲು ವರ್ಷಕ್ಕೊಮ್ಮೆ ಸಾಕು.

ನಾಳೆ ನಿಮ್ಮ ಮನೆಯ ಹಿರಿಯರು ‘ದುಡ್ಡು ಹೋಯ್ತು’ ಎಂದರೆ ‘ಯಾಕೆ ಕಳಿಸಿದ್ರಿ?’ ಎನ್ನಬೇಡಿ. ‘ಯಾರು ಕೇಳಿದ್ರು, ಯಾವಾಗ?’ ಎಂದು ಕೇಳಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಿಗುವ ಸಮಯ ಬಹಳ ಕಡಿಮೆ. ಅದನ್ನು ಬೈಗುಳದಲ್ಲಿ ಕಳೆಯಬೇಡಿ.