ಆಸ್ಪತ್ರೆಯ ಬಿಲ್ಲು, ನೆಂಟರ ಮಾತು

ದೇವದುರ್ಗ, ಮಾನ್ವಿಗಳಿಂದ ಬರುವ ರೋಗಿಗಳಲ್ಲಿ ಆಸ್ಪತ್ರೆಯ ಬಿಲ್ಲಿಗಾಗಿ ಹೊಲ ಒತ್ತೆಯಿಟ್ಟವರನ್ನು ಕಂಡಿದ್ದೇನೆ. ಮನೆಯಲ್ಲಿ ಬಿ.ಪಿ.ಎಲ್. ಕಾರ್ಡು ಇದ್ದೇ ಇರುತ್ತದೆ! 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ತುರ್ತು ಸಂದರ್ಭವಲ್ಲದಿದ್ದರೆ ಆಧಾರ್, ರೇಷನ್ ಕಾರ್ಡುಗಳೊಡನೆ ಮೊದಲು ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಶಿಫಾರಸು ಪತ್ರ ಕೊಟ್ಟು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಆ ಪತ್ರವಿಲ್ಲದೆ ನೇರವಾಗಿ ದಾಖಲಾದವರೇ ಬಿಲ್ಲಿನ ಮುಂದೆ ಕೈಚೆಲ್ಲುವುದು.

“ಹೆತ್ತ ತಂದೆಯನ್ನು ಸರ್ಕಾರಿ ದವಾಖಾನೆಗೆ ಹಾಕಿದ” ಎಂಬ ನೆಂಟರ ಮಾತಿಗೆ ಅಂಜಿ ಸಾಲ ಮಾಡುವ ಮಕ್ಕಳೂ ಉಂಟು. ಆ ನೆಂಟರಾರೂ ಬಡ್ಡಿ ಕಟ್ಟಲು ಬಂದುದನ್ನು ನಾನು ಕಾಣೆ. “ಕಷಾಯ ಕೊಡುವ ವೈದ್ಯರೇ ರಿಮ್ಸ್‌ಗೆ ಕಳಿಸುತ್ತಾರೆ” ಎಂದು ನನ್ನನ್ನೂ ಆಡಿಕೊಳ್ಳುವರು. ಮುರಿದ ತೊಡೆಯೆಲುಬಿಗೆ ನನ್ನ ಕಷಾಯ ಸಾಲದು; ಕಳಿಸುವುದನ್ನು ನಾನಿನ್ನೂ ಬಿಟ್ಟಿಲ್ಲ.