ಅಡ್ಡ ನುಗ್ಗಿದವನ ಬೆನ್ನು ಹತ್ತುವುದೇಕೆ?

ಭತ್ತದ ಸುಗ್ಗಿಯ ಕಾಲದಲ್ಲಿ ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ಒಮ್ಮೆ ಸಂಚರಿಸಿ ನೋಡಬೇಕು. ಮುಂದೆ ಚೀಲಗಳನ್ನು ಹೇರಿಕೊಂಡ ಟ್ರ್ಯಾಕ್ಟರ್, ಅದರ ಹಿಂದೆ ಸಾರಿಗೆ ಬಸ್ಸು, ಬಸ್ಸಿನ ಹಿಂದೆ ನಾವು, ಎದುರಿನಿಂದ ಲಾರಿ. ಅಷ್ಟರಲ್ಲಿ ಹಿಂದಿನಿಂದ ಬಂದ ಜೀಪೊಂದು ನಮ್ಮನ್ನು ದಾಟಿ, ಎದುರಿನ ಲಾರಿಗೆ ಹೆದರಿ, ನಮಗೂ ಬಸ್ಸಿಗೂ ನಡುವೆ ಉಳಿದ ನಾಲ್ಕು ಮಾರಿನ ಜಾಗದಲ್ಲಿ ತಟ್ಟನೆ ನುಗ್ಗಿಬಿಡುತ್ತದೆ. ಬ್ರೇಕ್ ಒತ್ತಿದ ಕಾಲು ನಡುಗುತ್ತದೆ. ಮರುಕ್ಷಣ ಆ ನಡುಕವೇ ಸಿಟ್ಟಾಗುತ್ತದೆ. ದೇವದುರ್ಗದ ರಸ್ತೆಯಲ್ಲಿ ಗಬ್ಬೂರಿನ ಆಚೆಗೂ ಇದೇ ಪಾಡು. ರಾಯಚೂರು ನಗರದ ವೃತ್ತಗಳಲ್ಲಿ ಆಟೋ, ಬೈಕುಗಳ ನಡುವೆ ನಡೆಯುವುದೂ ಇದರದೇ ಚಿಕ್ಕ ರೂಪ.

ಹೀಗೆ ನುಗ್ಗಿದ ಕಾರೊಂದನ್ನು ನಾನೊಮ್ಮೆ ಕಲ್ಲೂರಿನ ತನಕ ಬೆನ್ನಟ್ಟಿದ್ದುಂಟು. ಅಂದು ಭಾನುವಾರ. ಬಲಿಪೂಜೆಯಲ್ಲಿ ಅಕ್ಕಪಕ್ಕದವರಿಗೆ ಕೈಮುಗಿದು ಶಾಂತಿಯನ್ನು ಹಾರೈಸಿ ಇನ್ನೂ ಒಂದು ತಾಸಾಗಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮಗಳು ಕೇಳಿದಳು: "ಅಪ್ಪಾ, ಅವರನ್ನ ಹಿಡದ ಮ್ಯಾಲೆ ಏನ್ ಮಾಡ್ತಿ?" ನನ್ನಲ್ಲಿ ಉತ್ತರವಿರಲಿಲ್ಲ. ವೇಗ ಇಳಿಸಿದೆ. ಆದರೆ ಅಷ್ಟು ಹೊತ್ತು ತನ್ನ ತಂದೆಯ ಮುಖ ಹೇಗಿತ್ತೆಂಬುದನ್ನು ಆ ಮಗು ಕನ್ನಡಿಯಲ್ಲಿ ಕಂಡಿರಲೇಬೇಕು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಿಯಮ ಮೀರಿ ಇನ್ನೊಂದು ವಾಹನವನ್ನು ಹಿಂದಿಕ್ಕುವುದು ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಂತೆ ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೆ 1,000 ರೂಪಾಯಿಗಳಿಂದ 5,000 ರೂಪಾಯಿಗಳ ವರೆಗೆ ದಂಡ ಅಥವಾ ಸೆರೆವಾಸ. ಆದರೆ ಅದೇ ಕಾನೂನಿನ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ. 2017ರ ಚಾಲನಾ ನಿಯಮಗಳಂತೆ, ಹಿಂದಿನ ವಾಹನವು ನಮ್ಮನ್ನು ದಾಟುತ್ತಿರುವಾಗ ನಾವು ವೇಗ ಹೆಚ್ಚಿಸಬಾರದು, ಅದನ್ನು ಯಾವ ರೀತಿಯಲ್ಲೂ ತಡೆಯಬಾರದು. "ಬಿಡುವುದಿಲ್ಲ, ನೋಡೇಬಿಡೋಣ" ಎಂದು ಆಕ್ಸಿಲರೇಟರ್ ತುಳಿದವನೂ ತಪ್ಪಿತಸ್ಥನೇ.

ಧರ್ಮಸಭೆಯೂ ಇದರ ಬಗ್ಗೆ ಮಾತನಾಡಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ವಲಸಿಗರ ಹಾಗೂ ಸಂಚಾರಿಗಳ ಪಾಲನಾ ಸೇವೆಗಾಗಿ ವ್ಯಾಟಿಕನ್ನಿನಲ್ಲಿ ಅಂದು ಇದ್ದ ಪರಿಷತ್ತು 2007ರ ಜೂನ್ 19ರಂದು ರಸ್ತೆಯ ಕುರಿತಾದ ಮಾರ್ಗಸೂಚಿಯನ್ನು ಹೊರತಂದಿತು. ಚಾಲಕರಿಗೆಂದೇ ಅದರಲ್ಲಿ ಹತ್ತು ಆಜ್ಞೆಗಳಿವೆ. ಮೊದಲನೆಯದು, ಕೊಲ್ಲಬೇಡ. ಐದನೆಯದು ನನ್ನನ್ನು ಹೆಚ್ಚು ಚುಚ್ಚಿತು: ವಾಹನವು ಅಧಿಕಾರ, ದಬ್ಬಾಳಿಕೆಗಳ ಪ್ರದರ್ಶನವಾಗಬಾರದು, ಪಾಪಕ್ಕೆ ಎಡೆಯಾಗಬಾರದು. ಕಲ್ಲೂರಿನ ತನಕ ನಾನು ಪ್ರದರ್ಶಿಸಿದ್ದು ಅದನ್ನೇ ಅಲ್ಲವೇ?

ಇದು ಶಿಷ್ಟಾಚಾರದ ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. 2024ರ ಸೆಪ್ಟೆಂಬರ್ 5ರಂದು ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ವಿದ್ಯಾರ್ಥಿಗಳು ಅಸುನೀಗಿದರು. ಅನೇಕ ಮಕ್ಕಳು ಗಾಯಗೊಂಡರು. ಅಂದು ಶಿಕ್ಷಕರ ದಿನ. ಅಲ್ಲಿ ಯಾರ ತಪ್ಪೆಂದು ನಿರ್ಣಯಿಸುವುದು ಈ ಅಂಕಣದ ಕೆಲಸವಲ್ಲ. ನಮ್ಮ ರಸ್ತೆಗಳಲ್ಲಿ ಎದುರಿಗೆ ಬರುವುದು ಮಕ್ಕಳ ಬಸ್ಸೂ ಆಗಿರಬಹುದೆಂಬುದಷ್ಟೇ ನನ್ನ ಮಾತು.

ಸುಮ್ಮನಿದ್ದರೆ ಇಂಥವರು ಇನ್ನಷ್ಟು ಕೊಬ್ಬುತ್ತಾರೆ ಎಂದು ಹಿರಿಯ ಸ್ನೇಹಿತರೊಬ್ಬರು ವಾದಿಸಿದರು. ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಸುಮ್ಮನಿರಿ ಎಂದು ಹೇಳಿದವರು ಯಾರು? ಕಾಲು ಸಡಿಲಿಸಿ, ಅಂತರ ಬಿಟ್ಟು, ಅವನನ್ನು ಮುಂದೆ ಹೋಗಲು ಬಿಡೋಣ. ಪಕ್ಕದಲ್ಲಿ ಕುಳಿತವರು ಗಾಡಿಯ ನಂಬರನ್ನು ಬರೆದುಕೊಳ್ಳಲಿ. ಅವನ ಚಾಲನೆ ಜೀವಕ್ಕೆ ಕುತ್ತಾಗುವಂತಿದ್ದರೆ 112ಕ್ಕೆ ಕರೆ ಮಾಡಲಿ. ದಂಡಿಸುವ ಕೆಲಸ ಪೊಲೀಸರದು, ನಮ್ಮ ಬಂಪರಿನದಲ್ಲ. ಅಂದಹಾಗೆ, ಅಡ್ಡ ನುಗ್ಗುವವರು ಯಾವಾಗಲೂ ಹೊರಗಿನವರೇ ಎಂದೂ ಭಾವಿಸಬೇಕಿಲ್ಲ. ಕಡೆಯ ಗೀತೆ ಮುಗಿಯುವ ಮೊದಲೇ ದೇವಾಲಯದ ಗೇಟಿನ ಬಳಿ ಬೈಕುಗಳನ್ನು ಅಡ್ಡಡ್ಡ ತೂರಿಸುವವರನ್ನು ಎಲ್ಲರೂ ಕಂಡಿದ್ದೇವೆ; ವೃದ್ಧೆಯರು ಗೋಡೆಗೆ ಒತ್ತಿ ನಿಂತಿರುತ್ತಾರೆ.

ಹೊಸ ಗಾಡಿ ಕೊಂಡರೆ ಗುರುಗಳಿಂದ ಆಶೀರ್ವಾದ ಮಾಡಿಸುತ್ತೇವೆ. ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ತೋಫರರ ಹಬ್ಬವನ್ನು ಸಂಪ್ರದಾಯದಂತೆ ಜುಲೈ 25ರಂದು ಆಚರಿಸುವುದುಂಟು. ಅಂದು ಎಲ್ಲರ ವಾಹನಗಳಿಗೂ ಪವಿತ್ರ ಜಲ ಚಿಮುಕಿಸುವ ಮೊದಲು, ಆ ಹತ್ತು ಆಜ್ಞೆಗಳನ್ನು ಕನ್ನಡದಲ್ಲಿ ಓದಿ ಹೇಳುವಂತೆ ಆಯಾ ಧರ್ಮಕೇಂದ್ರದ ಗುರುಗಳನ್ನು ಕೇಳಿಕೊಳ್ಳಬಹುದು. ಐದು ನಿಮಿಷವೂ ಹಿಡಿಯದು.